ಬಿರುಕು ನಿಸರ್ಗದ್ದು, ಟಿಕೆಟ್ಟು ಯಾರದ್ದು?

ಬ್ರೆಜಿಲ್ ದೇಶದ ಮಿನಾಸ್ ಜೆರೈಸ್ ರಾಜ್ಯದಲ್ಲಿ ಫುರ್ನಾಸ್ ಎಂಬ ವಿಶಾಲ ಜಲಾಶಯವಿದೆ. ಅದರ ದಡದ ಕಪಿತೋಲಿಯೊ ಪಟ್ಟಣದ ಬಳಿ ಹಿನ್ನೀರು ಕಲ್ಲಿನ ಕಣಿವೆಯೊಳಕ್ಕೆ ನುಗ್ಗಿ ನಿಂತಿದೆ. ಇಕ್ಕೆಲಗಳಲ್ಲಿ ಗೋಡೆಯಂತೆ ಎದ್ದ ಬಂಡೆಗಳು, ಸಂದಿಯಿಂದ ಧುಮುಕುವ ಜಲಪಾತ, ಕೆಳಗೆ ಹಸಿರು ನೀರು. ಈ ಚೆಲುವನ್ನು ನೋಡಲು ಪ್ರವಾಸಿಗರು ದೋಣಿಗಳಲ್ಲಿ ಬಂಡೆಯ ಬುಡದವರೆಗೂ ಹೋಗುತ್ತಿದ್ದರು. 2022ರ ಜನವರಿ 8, ಶನಿವಾರ. ಹಲವು ದಿನಗಳಿಂದ ಮಳೆ ಸುರಿದಿತ್ತು. ಮಧ್ಯಾಹ್ನದ ಹೊತ್ತಿಗೆ ಮೊದಲು ಸಣ್ಣ ಕಲ್ಲುಗಳು ಉದುರಿದವು. ದೂರದ ದೋಣಿಯವರು ಕೂಗಿ ಎಚ್ಚರಿಸಿದರು. ಅಷ್ಟರಲ್ಲಿ ಕಂಬದಂಥ ಭಾರಿ ಬಂಡೆಯೊಂದು ಗೋಡೆಯಿಂದ ಬೇರ್ಪಟ್ಟು, ಬಾಗಿ, ದೋಣಿಗಳ ಮೇಲೆ ಉರುಳಿತು. ಹತ್ತು ಮಂದಿ ಸತ್ತರು.

ಪೊಲೀಸ್ ತನಿಖೆ ಇದನ್ನು ನೈಸರ್ಗಿಕ ಘಟನೆ ಎಂದು ತೀರ್ಮಾನಿಸಿತು. ಯಾರ ಮೇಲೂ ಆರೋಪ ಹೊರಿಸಲಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

ಬಂಡೆ ಬೀಳುವುದು ನಿಸರ್ಗದ ಕ್ರಿಯೆ, ನಿಜ. ಅಲ್ಲಿನ ಶಿಲೆ ಕ್ವಾರ್ಟ್‌ಜೈಟ್; ಮರಳುಗಲ್ಲು ಭೂಗರ್ಭದ ಶಾಖ ಮತ್ತು ಒತ್ತಡಗಳಿಗೆ ಸಿಕ್ಕಿ ಮಾರ್ಪಟ್ಟ ಗಟ್ಟಿ ಕಲ್ಲು. ಗಟ್ಟಿಯಾದರೂ ಅದರಲ್ಲಿ ಲಂಬವಾದ ಬಿರುಕುಗಳಿರುತ್ತವೆ. ಮಳೆನೀರು ಅವುಗಳಲ್ಲಿ ಇಳಿಯುತ್ತದೆ, ಗಿಡದ ಬೇರು ಸಂದನ್ನು ಅಗಲಿಸುತ್ತದೆ, ಬುಡ ಸವೆಯುತ್ತದೆ. ಒಂದು ದಿನ ಕಂಬ ತನ್ನ ಭಾರಕ್ಕೆ ತಾನೇ ವಾಲುತ್ತದೆ. ಆದರೆ ಆ ಕಂಬದ ಕೆಳಗೆ, ಮಳೆಗಾಲದ ನಡುವೆ, ಹಣ ಪಡೆದು ಜನರನ್ನು ಕರೆದೊಯ್ದದ್ದು ಯಾವ ನಿಸರ್ಗ?

ಎಚ್ಚರಿಕೆ ಇರಲಿಲ್ಲವೆನ್ನುವಂತಿಲ್ಲ. ಅಂದು ಬೆಳಿಗ್ಗೆಯೇ ಅಲ್ಲಿನ ನಾಗರಿಕ ರಕ್ಷಣಾ ಇಲಾಖೆ ದಿಢೀರ್ ಪ್ರವಾಹದ ಮುನ್ಸೂಚನೆ ನೀಡಿತ್ತು. ಹತ್ತು ವರ್ಷಗಳ ಹಿಂದೆ, 2012ರಲ್ಲಿ, ಆ ಬಂಡೆಯ ದೊಡ್ಡ ಬಿರುಕಿನ ಛಾಯಾಚಿತ್ರ ತೆಗೆದ ಪ್ರವಾಸಿಯೊಬ್ಬರು ಇದು ಬೀಳಲಿದೆ ಎಂದು ಬರೆದು ಪ್ರಕಟಿಸಿದ್ದರು. ಸಾಮಾನ್ಯನ ಕಣ್ಣಿಗೆ ಕಂಡದ್ದು ಪರವಾನಗಿ ಕೊಡುವವರ ಕಡತದಲ್ಲಿ ಕಾಣಲಿಲ್ಲ. ಅಪಘಾತದ ಬಳಿಕ, ಅದೇ ವರ್ಷದ ಮಾರ್ಚ್ ಕೊನೆಯಲ್ಲಿ ಕಣಿವೆಯನ್ನು ಮತ್ತೆ ತೆರೆದಾಗ ದೋಣಿಗಳ ಸಂಖ್ಯೆಗೆ ಮಿತಿ ಬಂತು, ಹೆಲ್ಮೆಟ್ ಕಡ್ಡಾಯವಾಯಿತು. ಉರುಳುವ ಬಂಡೆಯೆದುರು ಹೆಲ್ಮೆಟ್ ಏನು ಮಾಡೀತು? ಹತ್ತು ಹೆಣಗಳ ಅನಂತರ ಸಾಧ್ಯವಾದ ಮಿತಿ ಮೊದಲೇ ಏಕೆ ಸಾಧ್ಯವಾಗಲಿಲ್ಲ?

ಇನ್ನೊಂದು ಮಾತು. ಆ ಸರೋವರವೇ ನೈಸರ್ಗಿಕವಲ್ಲ. ರಿಯೊ ಗ್ರಾಂಡೆ ನದಿಗೆ ಕಟ್ಟಿದ ಫುರ್ನಾಸ್ ಅಣೆಕಟ್ಟಿನಿಂದ 1963ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. ನೀರು 1,400 ಚದರ ಕಿಲೋಮೀಟರಿಗೂ ಹೆಚ್ಚು ನೆಲವನ್ನು ಆವರಿಸಿತು. ಸಾವಿರಾರು ಕುಟುಂಬಗಳು ಮನೆ ಹೊಲ ಬಿಟ್ಟು ಎದ್ದವು. ಇದಾಗಿ ಒಂದೇ ವರ್ಷಕ್ಕೆ, 1964ರಲ್ಲಿ, ನಮ್ಮ ಲಿಂಗನಮಕ್ಕಿ ಪೂರ್ಣಗೊಂಡಿತು. ಶರಾವತಿಯ ಮುಳುಗಡೆಯ ಕಥೆಯನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಿಲ್ಲ. ಮೊದಲು ಬೆಳಕಿನ ಹೆಸರಿನಲ್ಲಿ ನೆಲ ಹೋಯಿತು. ಈಗ ಅದೇ ಹಿನ್ನೀರು ಜಲಕ್ರೀಡೆಯ ಹೆಸರಿನಲ್ಲಿ ಮಾರಾಟಕ್ಕಿದೆ. ಕಯಾಕ್, ಮೋಟಾರು ದೋಣಿ, ದಡದಲ್ಲಿ ರೆಸಾರ್ಟು. ನೀರು ಏರಿಳಿಯುವ ದಡದ ಮಣ್ಣು ಎಷ್ಟು ಭದ್ರವೆಂದು ಪರೀಕ್ಷಿಸಿದವರು ಯಾರು?

ನಮ್ಮಲ್ಲಿ ಅಂಥ ಬಂಡೆಯ ಗೋಡೆಗಳಿಲ್ಲ ಎಂದು ಸಮಾಧಾನಪಡುವವರು 2024ರ ಜುಲೈ 16ನ್ನು ನೆನೆಯಲಿ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದು ಗಂಗಾವಳಿಗೆ ಬಿತ್ತು. ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ನೀರಿಗೆ ಬಿದ್ದ ಗುಡ್ಡ ತನ್ನ ಬುಡದಲ್ಲಿದ್ದವರನ್ನಷ್ಟೇ ಅಲ್ಲ, ಎದುರು ದಡದವರನ್ನೂ ಕೊಲ್ಲಬಲ್ಲದು. ನಮ್ಮ ಜಂಬಿಟ್ಟಿಗೆ ಗುಡ್ಡಗಳು ಮೇಲೆ ಗಟ್ಟಿ, ಒಳಗೆ ನೀರು ಕುಡಿದು ಜಾರುವ ಶೇಡಿಮಣ್ಣು. ಬುಡ ಕಡಿದರೆ ಅವು ಕ್ವಾರ್ಟ್‌ಜೈಟಿನಷ್ಟು ಕಾಲವೂ ಕಾಯಲಾರವು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಊರಿನ ಹುಡುಗರಿಗೆ ದೋಣಿಯಿಂದ ನಾಲ್ಕು ಕಾಸು ಸಿಗುತ್ತಿದ್ದರೆ ವಿಜ್ಞಾನಿಗಳಿಗೇನು ಕಷ್ಟ? ಕಷ್ಟವೇನಿಲ್ಲ. ಅಡಿಕೆಗೆ ಕೊಳೆ, ಎಲೆಚುಕ್ಕೆ ರೋಗಗಳು ಬಡಿದ ವರ್ಷ ಆ ಕಾಸಿನ ಬೆಲೆ ನನಗೂ ಗೊತ್ತು. ಹುಟ್ಟು ಹಾಕಿಕೊಂಡು ಸದ್ದಿಲ್ಲದೆ ಸಾಗುವ ಸಣ್ಣ ದೋಣಿಯ ಮೇಲೆ ನನಗೆ ದ್ವೇಷವೂ ಇಲ್ಲ. ಆದರೆ ಬಂಡೆ ಉರುಳಿದಾಗ ಅದರ ಕೆಳಗಿರುವವನು ಗುತ್ತಿಗೆದಾರನಲ್ಲ. ಹುಟ್ಟು ಹಿಡಿದ ಆ ಹುಡುಗನೇ. ಕಪಿತೋಲಿಯೊದಲ್ಲಿಯೂ ಸತ್ತವರಲ್ಲಿ ದೋಣಿ ನಡೆಸುವವನಿದ್ದ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ. ಭೂವಿಜ್ಞಾನಿಗಳ ಲಿಖಿತ ವರದಿಯಿಲ್ಲದೆ ಯಾವ ಹಿನ್ನೀರಿನ ದಡದಲ್ಲೂ ದೋಣಿವಿಹಾರಕ್ಕೆ ಪರವಾನಗಿ ಕೂಡದು. ಆ ವರದಿಯನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಓದಬೇಕು. ಮಳೆಗಾಲದಲ್ಲಿ ವಿಹಾರ ಪೂರ್ಣ ನಿಲ್ಲಬೇಕು. ಕಡಿದಾದ ದರೆಯ ಹತ್ತಿರ, ಅದರ ಎತ್ತರಕ್ಕಿಂತ ಕಡಿಮೆ ಅಂತರದಲ್ಲಿ, ದೋಣಿ ಸುಳಿಯಕೂಡದು. ಆ ಅಂತರವೂ ಕನಿಷ್ಠ ಮಾತ್ರ. ಅಲೆಯ ಲೆಕ್ಕ ಬೇರೆ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ. ನಿಮ್ಮೂರಿನ ದರೆಗಳನ್ನು ನೋಡಿಬನ್ನಿ. ಹೊಸ ಬಿರುಕು, ವಾಲಿದ ಮರ, ಎಂದೂ ಇಲ್ಲದಲ್ಲಿ ಒಸರುವ ಕೆಸರುನೀರು ಕಂಡರೆ ದಿನಾಂಕ ಹಾಕಿ ಚಿತ್ರ ತೆಗೆಯಿರಿ, ಪಂಚಾಯಿತಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಾಳೆ ಯಾರಾದರೂ ನೈಸರ್ಗಿಕ ಘಟನೆ ಎಂದು ಕಡತ ಮುಚ್ಚಲು ಬಂದರೆ, ಆ ಸ್ವೀಕೃತಿ ಚೀಟಿ ನಮ್ಮ ಕೈಯಲ್ಲಿರಬೇಕು.