ದಾನವೂ ಬಹುಮಾನವೂ

ಸಾಗರ ತಾಲ್ಲೂಕಿನ ಆನಂದಪುರದ ಸಮೀಪದಲ್ಲಿರುವ ಮಲಂದೂರಿನಲ್ಲಿ ಚಂಪಕಸರಸ್ಸೆಂಬ ಪುಷ್ಕರಿಣಿಯೊಂದುಂಟು. ಜಂಬಿಟ್ಟಿಗೆಯ ಕಲ್ಲುಗಳಿಂದ ಸೋಪಾನಗಳನ್ನು ಕಟ್ಟಿ ರಚಿಸಿದ ಈ ಕೊಳವನ್ನು, ಹದಿನೇಳನೆಯ ಶತಮಾನದ ಆದಿಭಾಗದವರೆಗೆ ರಾಜ್ಯವಾಳಿದ ಕೆಳದಿಯ ವೆಂಕಟಪ್ಪನಾಯಕನು ತನ್ನ ಪ್ರೇಯಸಿಯಾದ ಚಂಪಕೆಯ ಸ್ಮರಣಾರ್ಥವಾಗಿ ಕಟ್ಟಿಸಿದನೆಂದು ಐತಿಹ್ಯವು ಹೇಳುವುದು. ಬಹುಕಾಲ ಹೂಳು ತುಂಬಿ, ಗಿಡಗಂಟಿಗಳು ಬೆಳೆದು, ಉಪೇಕ್ಷೆಗೆ ಪಾತ್ರವಾಗಿದ್ದ ಈ ಕೊಳದ ಜೀರ್ಣೋದ್ಧಾರವು ಈಚಿನ ವರ್ಷಗಳಲ್ಲಿ ಚಲಚ್ಚಿತ್ರನಟರಾದ ಯಶ್ ಅವರ ‘ಯಶೋಮಾರ್ಗ’ ಸಂಸ್ಥೆಯ ದ್ರವ್ಯಸಹಾಯದಿಂದ ನೆರವೇರಿತು. ಇದೇ ಸಂಸ್ಥೆಯು 2017ರಲ್ಲಿ ಕೊಪ್ಪಳ ಜಿಲ್ಲೆಯ ತಲ್ಲೂರಿನ ಕೆರೆಯ ಹೂಳನ್ನು ತೆಗೆಯಿಸುವ ಕಾರ್ಯವನ್ನೂ ಕೈಗೊಂಡಿತ್ತು. ಇವು ಸತ್ಕಾರ್ಯಗಳೆಂಬುದರಲ್ಲಿ ಸಂದೇಹವಿಲ್ಲ. ಇಷ್ಟಾಪೂರ್ತಗಳಲ್ಲಿ ಕೆರೆ ಬಾವಿಗಳ ನಿರ್ಮಾಣವು ಪೂರ್ತಕ್ಕೆ ಸೇರಿದುದು. ಹಳೆಯ ಕೆರೆಯನ್ನು ಎತ್ತಿ ನಿಲ್ಲಿಸುವುದು ಹೊಸದನ್ನು ತೋಡುವುದಕ್ಕಿಂತ ಕಡಿಮೆಯಾದ ಪುಣ್ಯವೇನೂ ಅಲ್ಲ.

ಆದರೆ ಇಂತಹ ಕಾರ್ಯಗಳಿಂದ ಬೇರೊಂದು ಪ್ರಶ್ನೆಯು ಹುಟ್ಟುತ್ತದೆ. ಧನವಂತರೂ ಪ್ರಸಿದ್ಧರೂ ಆದವರು ದಾನಮಾಡಿದರೆಂಬ ಕಾರಣದಿಂದಲೇ ಅವರಿಗೆ ಸಾರ್ವಜನಿಕ ಸನ್ಮಾನಗಳನ್ನೂ ಪ್ರಶಸ್ತಿಗಳನ್ನೂ ಸಲ್ಲಿಸುವುದು ಯುಕ್ತವೇ? ಈ ಪ್ರಶ್ನೆಯು ಒಬ್ಬ ವ್ಯಕ್ತಿಗೆ ಸಂಬಂಧಿಸಿದುದಲ್ಲ. ಇಂದು ಊರೂರಿನಲ್ಲಿಯೂ ಶಾಲು, ಪೇಟ, ಫಲತಾಂಬೂಲ, ಬಿನ್ನವತ್ತಳೆಗಳ ಸಂಭ್ರಮವು ದಾನದ ನೆರಳಿನಂತೆ ಹಿಂಬಾಲಿಸುತ್ತಿರುವುದರಿಂದ, ಇದನ್ನು ಸಾಮಾನ್ಯವಾಗಿ ವಿಚಾರಮಾಡುವುದು ಅವಶ್ಯವಾಗಿದೆ.

ಮೊದಲು ಪೂರ್ವಪಕ್ಷವನ್ನು ಕೇಳೋಣ. ಉಪಕಾರವನ್ನು ಸ್ಮರಿಸದಿರುವುದು ಕೃತಘ್ನತೆಯೆಂಬುದು ಒಂದನೆಯ ವಾದ. ಒಬ್ಬನಿಗೆ ಸಂದ ಗೌರವವನ್ನು ಕಂಡು ಮತ್ತೊಬ್ಬನು ಕೊಡಲು ಮುಂದಾಗುವನು, ಆದುದರಿಂದ ಸನ್ಮಾನವು ದಾನಕ್ಕೆ ಬೀಜವೆಂಬುದು ಎರಡನೆಯದು. ಈ ನಾಡಿನ ಶಿಲಾಶಾಸನಗಳು ದಾನಿಗಳ ಹೊಗಳಿಕೆಯಿಂದ ತುಂಬಿವೆ. ಅತ್ತಿಮಬ್ಬೆಯನ್ನು ‘ದಾನಚಿಂತಾಮಣಿ’ ಎಂದು ಕರೆದವರು ಕನ್ನಡಿಗರೇ ಅಲ್ಲವೇ ಎಂಬುದು ಮೂರನೆಯದು. ಇವು ಮೂರೂ ಹುರುಳಿಲ್ಲದ ಮಾತುಗಳಲ್ಲ. ಆದರೆ ಇವುಗಳಲ್ಲಿ ಕೃತಜ್ಞತೆ, ದಾಖಲೆ, ಸನ್ಮಾನ ಎಂಬ ಮೂರು ಬೇರೆಬೇರೆ ಪದಾರ್ಥಗಳು ಒಂದರೊಳಗೊಂದು ಕಲಸಿಹೋಗಿವೆ. ಕೃತಜ್ಞತೆಯು ಪಡೆದವನ ಧರ್ಮ. ದಾಖಲೆಯು ದತ್ತಿಯ ರಕ್ಷಣೆಗಾಗಿ ಇರುವುದು. ಸನ್ಮಾನವಾದರೋ, ಇವನಂತೆ ನೀವೂ ಆಗಿರೆಂದು ಸಮಾಜವು ತನ್ನ ಮಕ್ಕಳಿಗೆ ತೋರಿಸುವ ಬೆರಳು. ಮೊದಲಿನ ಎರಡೂ ಧನಿಕದಾನಿಗೆ ಸಲ್ಲತಕ್ಕವು. ಮೂರನೆಯದು ಕೇವಲ ಧನದಿಂದ ದೊರೆಯತಕ್ಕದ್ದಲ್ಲ.

ಅದೆಂತೆಂದರೆ, ಕೊಟ್ಟ ಮೊತ್ತವು ಕೊಟ್ಟವನ ಐಶ್ವರ್ಯವನ್ನು ಅಳೆಯುವುದೇ ಹೊರತು ಅವನ ತ್ಯಾಗವನ್ನಲ್ಲ. ಯುಧಿಷ್ಠಿರನ ಅಶ್ವಮೇಧದ ಕೊನೆಯಲ್ಲಿ ಬಂದ ಮುಂಗುಸಿಯ ಕಥೆಯನ್ನು ಬಲ್ಲದವರಾರು? ಹಸಿದ ಬ್ರಾಹ್ಮಣಕುಟುಂಬವೊಂದು ತನ್ನ ಪಾಲಿನ ಹಿಟ್ಟನ್ನೆಲ್ಲ ಅತಿಥಿಗೆ ಬಡಿಸಿದ ಸ್ಥಳದಲ್ಲಿ ಹೊರಳಿ ಅದರ ಅರ್ಧಶರೀರವು ಚಿನ್ನವಾಗಿತ್ತು. ಚಕ್ರವರ್ತಿಯ ಯಜ್ಞಶಾಲೆಯಲ್ಲಿ ಎಷ್ಟು ಹೊರಳಿದರೂ ಉಳಿದರ್ಧವು ಚಿನ್ನವಾಗಲಿಲ್ಲ. ರಾಜನ ದಾನವು ವ್ಯರ್ಥವೆಂದು ಕಥೆಯು ಹೇಳುವುದಿಲ್ಲ. ಅಲ್ಲಿ ಉಂಡವರ ಹಸಿವು ಹಿಂಗಿದುದು ನಿಜವೇ. ಆದರೆ ತೂಕದ ಕಲ್ಲು ಬೇರೆ ಎಂಬುದನ್ನು ಅದು ತೋರಿಸಿಕೊಟ್ಟಿತು. ವಿಶ್ವಜಿದ್ಯಾಗದಲ್ಲಿ ಸರ್ವಸ್ವವನ್ನೂ ಕೊಟ್ಟು, ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯವನ್ನು ತಂದು ಕೌತ್ಸನನ್ನು ಎದುರ್ಗೊಂಡ ರಘುವು ಕೊಟ್ಟ ಮೇಲೆ ಬರಿಗೈಯಾಗಿದ್ದನು. ಈಗಿನ ಕೋಟ್ಯಧೀಶನು ಕೊಟ್ಟ ಮೇಲೆಯೂ ಕೋಟ್ಯಧೀಶನೇ.

ಎರಡನೆಯದಾಗಿ, ಇಂದಿನ ದಾನದಲ್ಲಿ ದಾನವಲ್ಲದ ಭಾಗವೂ ಬೆರೆತಿರುತ್ತದೆ. 2013ರ ಕಂಪೆನಿ ಅಧಿನಿಯಮದ 135ನೆಯ ವಿಧಿಯು, ನಿವ್ವಳಲಾಭ ಮೊದಲಾದ ವಿಷಯಗಳಲ್ಲಿ ಗೊತ್ತಾದ ಮಿತಿಯನ್ನು ಮುಟ್ಟಿದ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕೆಂದು ವಿಧಿಸಿತು. ಶಾಸನವು ಕೊಡಿಸಿದುದನ್ನು ಔದಾರ್ಯವೆಂದು ಕೊಂಡಾಡುವುದಾದರೆ, ಕಂದಾಯವನ್ನು ಕಟ್ಟಿದ ರೈತನಿಗೂ ಶಾಲು ಹೊದಿಸಬೇಕಾಗುವುದು. 1961ರ ಆದಾಯತೆರಿಗೆ ಅಧಿನಿಯಮದ 80ಜಿ ವಿಧಿಯು ಅಂಗೀಕೃತ ದಾನಗಳಿಗೆ ರಿಯಾಯಿತಿಯನ್ನು ಕಲ್ಪಿಸಿತು. ಆ ರಿಯಾಯಿತಿಯನ್ನು ಪಡೆದ ದಾನದ ಒಂದು ಅಂಶವನ್ನು ಸರ್ಕಾರದ ಬೊಕ್ಕಸವೇ, ಎಂದರೆ ಪ್ರಜೆಗಳೇ, ಭರಿಸಿದಂತಾಯಿತು. ಇಂತಹ ವಿಧಿಗಳನ್ನು ಮೀರಿ ತಮ್ಮ ಸ್ವಂತ ಸಂಪತ್ತಿನಿಂದ ಕೊಟ್ಟವರು ಇಲ್ಲವೆಂದಲ್ಲ. ಆದರೆ ವೇದಿಕೆಯ ಮೇಲಿನ ಶಾಲು ಈ ಭೇದವನ್ನು ಎಣಿಸುವುದಿಲ್ಲ. ಧನವು ಯಾವ ಮಾರ್ಗದಿಂದ ಬಂದಿತೆಂದು ಕೇಳಬೇಕಾದ ನಾಲಗೆಯೂ ಹಾರವನ್ನು ಹಾಕಿದ ಮರುದಿನ ಮೌನವಹಿಸುವುದು.

ಮೂರನೆಯದು ಎಲ್ಲಕ್ಕಿಂತಲೂ ಗುರುತರವಾದುದು. ದಾನಿಯನ್ನು ಮೆರೆಸಿದ ಊರು ತನ್ನ ಕರ್ತವ್ಯವು ಮುಗಿಯಿತೆಂದು ಮಲಗಿಬಿಡುತ್ತದೆ. ಹಿಂದಿನವರು ಕೆರೆಯನ್ನು ಕಟ್ಟಿಸಿ ಬಿಟ್ಟುಬಿಡಲಿಲ್ಲ. ಅದನ್ನು ವರ್ಷವರ್ಷವೂ ಕಾಯುವುದಕ್ಕಾಗಿ ಬಿತ್ತುವಟ್ಟ, ದಶವಂದ, ಕಟ್ಟುಕೊಡಗೆ ಎಂಬ ಏರ್ಪಾಡುಗಳನ್ನು ಮಾಡಿದರು. ಶಾಸನಗಳಲ್ಲಿ ದಾನಿಯ ಹೆಸರಿನೊಡನೆ ಭೂಮಿಯ ಎಲ್ಲೆಯೂ, ದತ್ತಿಯ ನಿಬಂಧನೆಯೂ, ಅದನ್ನು ಕೆಡಿಸಿದವನಿಗೆ ಶಾಪವೂ ಕೆತ್ತಲ್ಪಟ್ಟಿರುವುದೇತಕ್ಕೆ? ಕೊಟ್ಟವನ ಕೀರ್ತಿಗಿಂತ ಕೊಟ್ಟುದರ ಬಾಳಿಕೆಯು ದೊಡ್ಡದೆಂದು ಅವರು ತಿಳಿದಿದ್ದುದರಿಂದಲೇ. ಮೂರನೆಯ ಪೂರ್ವಪಕ್ಷಕ್ಕೆ ಇದೇ ಸಮಾಧಾನ. ಇಂದಿನ ಸನ್ಮಾನಪತ್ರವು ಪ್ರಶಸ್ತಿಭಾಗವನ್ನು ಮಾತ್ರ ಉಳಿಸಿಕೊಂಡು ನಿಬಂಧನೆಯ ಭಾಗವನ್ನು ಬಿಟ್ಟುಬಿಟ್ಟಿದೆ. ಮಲೆನಾಡಿನ ಒಂದೊಂದು ಮಳೆಗಾಲವೂ ಕೊಳಕ್ಕೆ ಹೊಸ ಹೂಳನ್ನು ತರುವುದು. ಸನ್ಮಾನಪತ್ರವು ಅದನ್ನು ಎತ್ತಲಾರದು.

ಇನ್ನು ಅತ್ತಿಮಬ್ಬೆಯ ಮಾತು. ಆಕೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿ, ಒಂದು ಕಾವ್ಯವು ಅಳಿಯದಂತೆ ಉಳಿಸಿದಳು. ಆಕೆಯ ಬಿರುದು ಬೆಳೆದುದು ಧನದ ರಾಶಿಯಿಂದಲ್ಲ, ವಿವೇಕದಿಂದ. ಸಿರಸಂಗಿಯ ಲಿಂಗರಾಜರೂ ಹಾಗೆಯೇ. 1906ರಲ್ಲಿ ದಿವಂಗತರಾದ ಅವರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕಾಗಿ ಮೀಸಲಿಟ್ಟರು. ಜನರು ಅವರನ್ನು ‘ತ್ಯಾಗವೀರ’ರೆಂದರೇ ಹೊರತು ‘ಧನವೀರ’ರೆಂದು ಕರೆಯಲಿಲ್ಲ. ಅವರ ಹೆಸರನ್ನು ಬೆಳಗಾವಿಯ ಕಾಲೇಜು ಇಂದಿಗೂ ಹೊತ್ತು ನಿಂತಿದೆ.

ಸನ್ಮಾನವಿಲ್ಲದಿದ್ದರೆ ದಾನದ ಸೆಲೆಯು ಬತ್ತುವುದೆಂಬ ಎರಡನೆಯ ವಾದಕ್ಕೆ ಬೆಂಗಳೂರೇ ಉತ್ತರಕೊಡುವುದು. ವಿಜ್ಞಾನಮಂದಿರಕ್ಕಾಗಿ ತಮ್ಮ ಆಸ್ತಿಯ ದೊಡ್ಡ ಭಾಗವನ್ನು ಮುಡಿಪಾಗಿಟ್ಟ ಜಮ್ಶೇಟ್‌ಜಿ ಟಾಟಾ ಅವರು ಅದಕ್ಕೆ ತಮ್ಮ ಹೆಸರನ್ನಿಡಲು ಒಪ್ಪಲಿಲ್ಲ. ಅವರು 1904ರಲ್ಲಿ ಗತಿಸಿದರು. ಮೈಸೂರು ಸಂಸ್ಥಾನವು 371 ಎಕರೆ ನೆಲವನ್ನು ಕೊಟ್ಟಿತು. 1909ರಲ್ಲಿ ಸಂಸ್ಥೆಯು ಸ್ಥಾಪಿತವಾಯಿತು. ಅದರ ಹೆಸರು ಭಾರತೀಯ ವಿಜ್ಞಾನ ಸಂಸ್ಥೆ. ಆದರೂ ಬೆಂಗಳೂರಿನ ಜನರು ಅದನ್ನು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುತ್ತ ಬಂದರು. ಬೇಡವೆಂದವನ ಹೆಸರು ತಾನಾಗಿ ಜನರ ನಾಲಗೆಯ ಮೇಲೆ ನಿಂತಿತು. ಶಾಲಿನ ಆಶೆಯಿಂದ ಕೊಡುವವರೂ ಇರಬಹುದು, ಅವರ ನೀರೂ ಬಾಯಾರಿಕೆಯನ್ನು ಕಳೆಯುವುದಲ್ಲವೇ ಎಂದರೆ, ಕಳೆಯುವುದು ನಿಜ. ಅದನ್ನು ಕೈಮುಗಿದು ಸ್ವೀಕರಿಸೋಣ. ಆದರೆ ಪ್ರತಿಫಲವನ್ನು ಬಯಸಿ ಕೊಟ್ಟುದನ್ನು ಗೀತೆಯು ರಾಜಸದಾನವೆಂದು ವಿಂಗಡಿಸಿದೆ. ರಾಜಸವನ್ನು ಸ್ವೀಕರಿಸುವುದು ಬೇರೆ, ಅದನ್ನು ಸಾತ್ತ್ವಿಕವೆಂದು ಮಕ್ಕಳಿಗೆ ಪಾಠಹೇಳುವುದು ಬೇರೆ.

ಹಾಗಾದರೆ ದಾನಕ್ಕೆ ಸನ್ಮಾನವೇ ಕೂಡದೆ? ಕೂಡದೆಂದಲ್ಲ. ಮಂಗಳೂರಿನ ಬೀದಿಗಳಲ್ಲಿ ಕಿತ್ತಳೆಹಣ್ಣನ್ನು ಮಾರಿ, ಆ ಗಳಿಕೆಯನ್ನು ಕೂಡಿಸಿ ತಮ್ಮ ಊರಿನ ಮಕ್ಕಳಿಗೆ ಶಾಲೆಯನ್ನು ಉಂಟುಮಾಡಿದ ಹರೇಕಳ ಹಾಜಬ್ಬನವರಿಗೆ 2020ರಲ್ಲಿ ಪದ್ಮಶ್ರೀಯು ಘೋಷಿತವಾಯಿತು. ಹುಲಿಕಲ್ಲಿನ ದಾರಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ನೀರೆರೆದು, ಮಕ್ಕಳಂತೆ ಸಾಕಿದ ಸಾಲುಮರದ ತಿಮ್ಮಕ್ಕನವರಿಗೆ 2019ರಲ್ಲಿ ಅದೇ ಗೌರವವು ಸಂದಿತು. ಇವರು ಕೊಟ್ಟುದು ಮಿಕ್ಕುದನ್ನಲ್ಲ, ತಮ್ಮ ಬಾಳನ್ನೇ. ಇಲ್ಲಿ ಸಮಾಜದ ಬೆರಳು ಸರಿಯಾದ ದಿಕ್ಕನ್ನು ತೋರಿಸಿತು. ಬಡವರ ಮಗುವೂ ಇವರನ್ನು ನೋಡಿ ತಾನೂ ಹೀಗಾಗಬಲ್ಲೆನೆಂದು ಎಣಿಸಬಹುದು. ಕೋಟ್ಯಧೀಶನ ಸನ್ಮಾನವನ್ನು ನೋಡಿದ ಮಗುವು ಮೊದಲು ಕೋಟಿಯನ್ನು ಗಳಿಸಬೇಕೆಂಬುದನ್ನು ಮಾತ್ರ ಕಲಿಯುವುದು.

ಆದುದರಿಂದ ಮಾಡತಕ್ಕುದಿಷ್ಟು. ಉದ್ಧೃತವಾದ ಪ್ರತಿಯೊಂದು ಕೊಳದ ದಡದಲ್ಲಿಯೂ ಒಂದು ಕಲ್ಲನ್ನು ನಿಲ್ಲಿಸಲಿ. ಅದರಲ್ಲಿ ಕಾರ್ಯವು ನಡೆದ ವರ್ಷ, ವೆಚ್ಚವಾದ ಹಣ, ಅದನ್ನು ಕೊಟ್ಟವರ ಹೆಸರು ಇರಲಿ. ಅದೇ ಅಳತೆಯ ಅಕ್ಷರಗಳಲ್ಲಿ ಕೆಸರಿಗಿಳಿದು ಹೂಳನ್ನು ಹೊತ್ತವರ ಹೆಸರುಗಳೂ ಇರಲಿ. ಮುಂದಿನ ವರ್ಷಗಳಲ್ಲಿ ಹೂಳೆತ್ತಬೇಕಾದವರು ಯಾರೆಂಬ ನಿಬಂಧನೆಯೂ ಇರಲಿ. ಶಾಲು ಹೊದಿಸಲೇಬೇಕೆಂದಿದ್ದರೆ ಹತ್ತು ಮಳೆಗಾಲಗಳು ಕಳೆಯಲಿ. ಆಗಲೂ ನೀರು ತಿಳಿಯಾಗಿದ್ದರೆ, ಅದನ್ನು ಕಾಯ್ದವರನ್ನು ಹುಡುಕಿ ಹೊದಿಸಲಿ.

ಇದು ಮಲೆನಾಡಿಗೆ ಹೊಸ ಪಾಠವೇನೂ ಅಲ್ಲ. ವೆಂಕಟಪ್ಪನಾಯಕನು ಅರಸನಾಗಿದ್ದನು, ಕೊಳಕ್ಕೆ ತನ್ನ ಹೆಸರನ್ನೇ ಇಟ್ಟಿದ್ದರೆ ತಡೆಯುವವರಾರಿದ್ದರು? ಆದರೂ ಆ ನೀರಿಗೆ ಉಳಿದ ಹೆಸರು ಅವನದಲ್ಲ, ಚಂಪಕೆಯದು. ನಾಲ್ಕು ಶತಮಾನಗಳು ಕಳೆದರೂ ಜನರು ಚಂಪಕಸರಸ್ಸೆಂದೇ ಕರೆಯುತ್ತಾರೆ. ಅದನ್ನು ಕಟ್ಟಿಸಿದವನಾರೆಂದು ಕೇಳಿದವರಿಗೆ ಮಾತ್ರ ದೊರೆಯ ಹೆಸರನ್ನು ಹೇಳುತ್ತಾರೆ. ದಾನಿಗೆ ಅಷ್ಟು ಸಾಕು.