ಮೇಜಿನ ಮೇಲೆ ಕೆಂಡ, ತಟ್ಟೆಯಲ್ಲಿ ಹಸಿ ಮೀನು

ಯಶವಂತಪುರದ ಗೃಹಿಣಿಯೊಬ್ಬರು ಇತ್ತೀಚೆಗೆ ರಕ್ತದೊತ್ತಡ ತೋರಿಸಲು ಬಂದವರು, ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು: “ಡಾಕ್ಟ್ರೇ, ಮಗನ ಹುಟ್ಟುಹಬ್ಬಕ್ಕೆ ಎಲ್ಲರೂ ಕೊರಿಯಾ ಹೋಟೆಲಿಗೆ ಹೋಗೋಣ ಅಂತಿದಾನೆ. ಅಲ್ಲಿ ಮಾಂಸ ನಾವೇ ಸುಟ್ಕೊಂಡು ತಿನ್ಬೇಕಂತೆ. ಮೀನು ಹಸೀದೇ ಕೊಡ್ತಾರಂತೆ. ಸೊಸೆಗೆ ಈಗ ಐದು ತಿಂಗಳು. ಬೇಡ ಅಂದ್ರೆ ಹಳೇ ಕಾಲದೋಳು ಅಂತಾರೆ. ಏನ್ಮಾಡ್ಲಿ?”

ಧಾರಾಳವಾಗಿ ಹೋಗಿ ಬನ್ನಿ ಎಂದೆ. ಆದರೆ ಸೊಸೆಗೆ ಹಸಿ ಮೀನು ಬೇಡ, ಮೇಜಿನ ಮೇಲೆ ಇಕ್ಕಳ ಎರಡಿರಲಿ ಎಂದೂ ಹೇಳಿದೆ. ಇಕ್ಕಳದ ಮಾತಿಗೆ ಆಕೆ ನಕ್ಕುಬಿಟ್ಟರು. ನಿಮಗೂ ನಗು ಬರಬಹುದು. ಸ್ವಲ್ಪ ತಾಳಿ.

ಬೇರೆ ಹೋಟೆಲಿನಲ್ಲಿ ಮಾಂಸ ಬೇಯಿಸುವ ಹೊಣೆ ಅಡುಗೆಯವನದು. ಕೊರಿಯನ್ ಬಾರ್ಬೆಕ್ಯೂನಲ್ಲಿ ಹಸಿ ಮಾಂಸ ನಿಮ್ಮ ಮೇಜಿಗೇ ಬರುತ್ತದೆ, ಮಧ್ಯದಲ್ಲಿ ಒಲೆ ಉರಿಯುತ್ತಿರುತ್ತದೆ, ಅಡುಗೆಯವರು ನೀವೇ. ಹಸಿ ತುಂಡನ್ನು ಎತ್ತಿಟ್ಟ ಇಕ್ಕಳದಲ್ಲೇ ಬೆಂದ ತುಂಡನ್ನು ಮಗುವಿನ ತಟ್ಟೆಗೆ ಹಾಕಿದರೆ, ಬೆಂಕಿಯಲ್ಲಿ ಸತ್ತ ರೋಗಾಣುಗಳ ಬದಲಿಗೆ ಇಕ್ಕಳಕ್ಕಂಟಿದ ಜೀವಂತ ರೋಗಾಣುಗಳು ಹೊಟ್ಟೆ ಸೇರುತ್ತವೆ. ಆದ್ದರಿಂದ ಹಸಿಯದಕ್ಕೆ ಒಂದು, ಬೆಂದದ್ದಕ್ಕೆ ಒಂದು. ಕೊಡದಿದ್ದರೆ ಕೇಳಿ ಪಡೆಯಿರಿ. ಕೋಳಿ ಮಾಂಸದ ಒಳಭಾಗ ೭೪ ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಹೋಟೆಲಿಗೆ ಯಾರೂ ಉಷ್ಣಮಾಪಕ ಒಯ್ಯುವುದಿಲ್ಲ. ದಪ್ಪ ತುಂಡನ್ನು ಕತ್ತರಿಸಿ ನೋಡಿ, ಒಳಗೆ ಗುಲಾಬಿ ಬಣ್ಣವಿದ್ದರೆ ಮತ್ತೆ ಒಲೆಗೆ ಹಾಕಿ. ಹಸಿದ ಮಕ್ಕಳು ಕಾಯುವುದಿಲ್ಲ, ಕಾಯಿಸಬೇಕು. ಹಾಗೆಂದು ಕರಕಲಾಗಿಸುವುದೂ ಒಳ್ಳೆಯದಲ್ಲ.

ಇದು ಬರಿಯ ಹೆದರಿಕೆಯಲ್ಲ. ೨೦೧೧ರಲ್ಲಿ ಜಪಾನಿನಲ್ಲಿ, ಮೇಜಿನ ಮೇಲೆ ಮಾಂಸ ಸುಡುವ ಇಂಥದೇ ಹೋಟೆಲುಗಳಲ್ಲಿ, ಕೊರಿಯನ್ ರೀತಿಯ ಹಸಿ ದನದ ಮಾಂಸದ ಖಾದ್ಯ ತಿಂದು ಮಕ್ಕಳೂ ಸೇರಿ ಐವರು ಸತ್ತರು. ಕಾರಣ ಇ. ಕೋಲಿಯ ಉಗ್ರ ತಳಿ. ಮರುವರ್ಷ ಆ ದೇಶ ಹೋಟೆಲುಗಳಲ್ಲಿ ದನದ ಹಸಿ ಯಕೃತ್ತು ಬಡಿಸುವುದನ್ನೇ ನಿಷೇಧಿಸಿತು. ನಮಗೆ ಹತ್ತಿರದ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ೨೦೨೨ರಲ್ಲಿ ಶವರ್ಮಾ ತಿಂದ ಹಲವರು ಆಸ್ಪತ್ರೆ ಸೇರಿದರು. ಶಾಲಾ ಬಾಲಕಿಯೊಬ್ಬಳು ಉಳಿಯಲಿಲ್ಲ.

ಇನ್ನು ಸುಶಿ. ವಿನಿಗರ್ ಬೆರೆಸಿದ ಅನ್ನ, ಮೇಲೆ ಹಸಿ ಮೀನಿನ ಚೂರು. ಕಡಲ ಮೀನಿನಲ್ಲಿ ಅನಿಸಾಕಿಸ್ ಎಂಬ ಜಂತು ಇರಬಹುದು. ಮೀನನ್ನು ಸೊನ್ನೆಗಿಂತ ೨೦ ಡಿಗ್ರಿ ಕೆಳಗಿನ ಶೀತದಲ್ಲಿ ಏಳು ದಿನ ಇಟ್ಟರೆ ಅದು ಸಾಯುತ್ತದೆ. ಮನೆಯ ಫ್ರಿಜ್ಜನ್ನು ನಂಬಿ ಈ ಪ್ರಯೋಗ ಮಾಡಬೇಡಿ. ಜಪಾನೀಯರೇ ಹಿಂದೆ ಸಾಲ್ಮನ್ ಮೀನನ್ನು ಜಂತುವಿನ ಭಯದಿಂದ ಹಸಿಯಾಗಿ ತಿನ್ನುತ್ತಿರಲಿಲ್ಲ; ಸಿದ್ಧ ಆಹಾರ ತಿನ್ನಿಸಿ ಸಾಕಿದ ನಾರ್ವೆಯ ಸಾಲ್ಮನ್ ಬಂದ ಮೇಲೆಯೇ ಅಭ್ಯಾಸವಾಯಿತು. ಆದರೆ ಶೀತದಿಂದ ಜಂತು ಸತ್ತರೂ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಮೂಗಿಗೆ ಹತ್ತುವ ಆ ಹಸಿರು ವಸಾಬಿ ಎಲ್ಲವನ್ನೂ ಕೊಲ್ಲುತ್ತದೆ ಎಂಬ ಮಾತನ್ನು ನೆಚ್ಚಬೇಡಿ.

ಗರ್ಭಿಣಿಗೆ ಬೇಡ ಎಂದದ್ದು ಲಿಸ್ಟೀರಿಯಾ ಎಂಬ ರೋಗಾಣುವಿನ ಕಾರಣಕ್ಕೆ. ಇದು ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ತಾಯಿಗೆ ಸಣ್ಣ ಜ್ವರ ಬಂದು ಹೋದರೂ ಗರ್ಭಪಾತವಾಗಬಹುದು. ಐದು ವರ್ಷದೊಳಗಿನ ಮಕ್ಕಳು, ವಯಸ್ಸಾದವರು, ಮಧುಮೇಹಿಗಳು, ಯಕೃತ್ತಿನ ಕಾಯಿಲೆಯವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಕೂಡ ಹಸಿ ಮೀನು ಬಿಡುವುದೇ ಲೇಸು. ಸೌತೆಕಾಯಿ, ಮೊಟ್ಟೆ, ಬೇಯಿಸಿದ ಸೀಗಡಿಯ ಸುಶಿಗಳೂ ಇರುತ್ತವೆ. ಸೊಸೆ ಬರಿಗೈಯಲ್ಲಿ ಕೂರಬೇಕಾಗಿಲ್ಲ.

ಪ್ರಶ್ನೆ ಕೇಳಿದ ಆ ತಾಯಿಗೂ ಒಂದು ಮಾತಿತ್ತು. ಅದ್ದಿಕೊಳ್ಳುವ ಸೋಯಾ ಸಾಸಿನ ಒಂದು ದೊಡ್ಡ ಚಮಚದಲ್ಲಿ ಸುಮಾರು ೯೦೦ ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಇಡೀ ದಿನದ ಮಿತಿ ೨೦೦೦. ಅನ್ನ ಸಾಸನ್ನು ಬಟ್ಟೆಯಂತೆ ಹೀರುತ್ತದೆ, ತುದಿ ಮಾತ್ರ ಮುಟ್ಟಿಸಿ. ಸಸ್ಯಾಹಾರಿಗಳೂ ಕೇಳಿ: ಎಲೆಕೋಸಿನ ಉಪ್ಪಿನಕಾಯಿಯಂಥ ಕಿಮ್ಚಿಯಲ್ಲಿ ಸಾಮಾನ್ಯವಾಗಿ ಮೀನಿನ ರಸವೋ ಸೀಗಡಿಯೋ ಸೇರಿರುತ್ತದೆ. ಜಪಾನೀ ಸಾರಿನ ಬುಡವೂ ಹೆಚ್ಚಾಗಿ ಒಣಮೀನೇ. ಕಣ್ಣಿಗೆ ಕಾಣದು, ವಿಚಾರಿಸಿಯೇ ತಿಳಿಯಬೇಕು.

ನನ್ನ ನಿಜವಾದ ತಕರಾರು ಇಲ್ಲಿದೆ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿಯನ್ನು ಹಿಚುಕಿ ನೋಡದೆ ಕೊಳ್ಳದ ನಾವು, ತಣ್ಣನೆಯ ದುಬಾರಿ ಹೋಟೆಲಿನಲ್ಲಿ ಬಾಯಿ ಮುಚ್ಚಿ ಕೂರುತ್ತೇವೆ. ಸಮುದ್ರ ಇಲ್ಲಿಂದ ಮುನ್ನೂರು ಕಿಲೋಮೀಟರಿಗೂ ಆಚೆಯಿದೆ. ಈ ಮೀನು ಎಲ್ಲಿಯದು, ಎಂದು ಬಂತು, ಹೆಪ್ಪುಗಟ್ಟಿಸಿದ್ದಾ ಎಂದು ಕೇಳುವುದು ಹಳ್ಳಿಗರ ಗುಣವಲ್ಲ. ಸರಿಯಾದ ಹೋಟೆಲಿನವರು ಉತ್ತರಿಸುತ್ತಾರೆ. ತಡವರಿಸಿದರೆ ಬೆಂದದ್ದನ್ನು ತರಿಸಿಕೊಳ್ಳಿ.

ಊಟವಾದ ಮೇಲಿನ ದಿನಗಳಲ್ಲಿ ಭೇದಿಯಲ್ಲಿ ರಕ್ತ ಕಂಡರೆ, ಮಗುವಿಗೆ ಮೂತ್ರ ಕಡಿಮೆಯಾದರೆ, ಬಸುರಿಗೆ ಜ್ವರ ಬಂದರೆ ತಡಮಾಡಬೇಡಿ. ಅಂಗಡಿಯಿಂದ ಭೇದಿ ನಿಲ್ಲಿಸುವ ಮಾತ್ರೆ ತಂದು ನುಂಗಿಸಬೇಡಿ. ಓಆರ್‌ಎಸ್ ಕುಡಿಸುತ್ತಾ ವೈದ್ಯರ ಬಳಿ ಕರೆದೊಯ್ಯಿರಿ. ಎಲ್ಲಿ, ಯಾವ ದಿನ, ಏನು ತಿಂದಿರಿ ಎಂಬುದನ್ನು ಮುಚ್ಚಿಡದೆ ಹೇಳಿ.