ಮರೂನ್ ಟೋಪಿಯೂ ಮರಳಿ ಬಂದವನೂ

ವಿದ್ಯಾಸಂಸ್ಥೆಯೊಂದು ತನ್ನ ಹಳೆಯ ವಿದ್ಯಾರ್ಥಿಗಳನ್ನು ಸ್ಮರಿಸುವಾಗ ಯಾರ ಹೆಸರನ್ನು ಮೊದಲು ಹೇಳುತ್ತದೆ, ಯಾರ ಹೆಸರನ್ನು ಹೇಳದೆ ಬಿಡುತ್ತದೆ ಎಂಬುದರಿಂದ ಅದರ ಮನೋಧರ್ಮವು ತಿಳಿದುಬರುತ್ತದೆ. ವೈದ್ಯರು, ಇಂಜಿನಿಯರರು, ನ್ಯಾಯಾಧೀಶರು, ಮಂತ್ರಿಗಳು – ಇವರ ಭಾವಚಿತ್ರಗಳು ಸಭಾಭವನದ ಗೋಡೆಯನ್ನು ಅಲಂಕರಿಸುವುದು ವಾಡಿಕೆ. ಆ ಸಾಲಿನಲ್ಲಿ ಈಗೀಗ ಸೈನಿಕನಿಗೂ ಸ್ಥಾನ ದೊರೆಯುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಸೈನಿಕರೊಳಗೂ ಮೇಲು ಕೀಳುಗಳನ್ನು ಎಣಿಸುವ ಒಂದು ಹೊಸ ಚಾಳಿ ನಮ್ಮ ಸಮಾಜದಲ್ಲಿ ಬೇರೂರುತ್ತಿದೆ. ಕಮಾಂಡೊ ಆದವನಿಗೆ ಮೆರವಣಿಗೆ, ಸಾಮಾನ್ಯ ಪದಾತಿದಳದವನಿಗೆ ಒಂದು ಶಾಲು. ಕಮಾಂಡೊ ಆಗಲು ಹೋಗಿ ಆಗದೆ ಮರಳಿದವನಿಗೆ ಮೌನ. ಈ ಮೂರನೆಯವನ ವಿಷಯವನ್ನು ಶಿಕ್ಷಕರೂ ಪೋಷಕರೂ ದಾನಿಗಳೂ ಕೊಂಚ ನಿಂತು ಆಲೋಚಿಸಬೇಕಾಗಿದೆ.

ಉತ್ತರ ಕರ್ನಾಟಕದ ಎರೆಭೂಮಿಯ ಯಾವುದೇ ಹಳ್ಳಿಯಲ್ಲಿ ನಸುಕಿನಲ್ಲಿ ಎದ್ದು ಡಾಂಬರು ರಸ್ತೆಯ ಮೇಲೆ ಓಡುವ ಹುಡುಗರನ್ನು ಕಾಣಬಹುದು. ಪೂರ್ಣ ಅಂಕ ದೊರೆಯಬೇಕಾದರೆ 1600 ಮೀಟರನ್ನು ಐದೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು, ಅಡ್ಡಕಂಬಿಗೆ ಜೋತು ಹತ್ತು ಬಾರಿ ಗದ್ದ ಮುಟ್ಟಿಸಬೇಕು; ಒಂಬತ್ತು ಅಡಿಯ ಹಳ್ಳವನ್ನೂ ಜಿಗಿಯಬೇಕು. ಈಗ ಅದಕ್ಕಿಂತ ಮೊದಲೇ ಗಣಕಯಂತ್ರದ ಮುಂದೆ ಕುಳಿತು ಲಿಖಿತ ಪರೀಕ್ಷೆಯನ್ನೂ ಬರೆಯಬೇಕು. ಇಷ್ಟನ್ನು ದಾಟಿದವನು ಬೆಳಗಾವಿಗೋ ಬೆಂಗಳೂರಿಗೋ ನೀಲಗಿರಿಯ ವೆಲ್ಲಿಂಗ್ಟನ್ನಿಗೋ ತರಬೇತಿಗೆ ಹೋಗುತ್ತಾನೆ. ಬಂದೂಕು ಹಿಡಿಯಲು ಕಲಿತ ಮೇಲೆ, ತನಗಿಂತ ಹಿರಿಯರಾದ ಜವಾನರ ಮಾತಿನಿಂದಲೋ, ಪರೇಡಿನಲ್ಲಿ ಕಂಡ ಒಂದು ಟೋಪಿಯ ಬಣ್ಣದಿಂದಲೋ ಅವನ ಮನಸ್ಸಿನಲ್ಲಿ ಇನ್ನೊಂದು ಆಸೆ ಮೊಳೆಯುತ್ತದೆ. ಅದು ಪ್ಯಾರಾಷೂಟ್ ರೆಜಿಮೆಂಟಿನ ಮರೂನ್ ಬಣ್ಣದ ಟೋಪಿ. ಅದಕ್ಕೂ ಮೇಲೆ, ಆ ರೆಜಿಮೆಂಟಿನ ವಿಶೇಷ ಪಡೆಗಳವರು ಎದೆಯ ಮೇಲೆ ಧರಿಸುವ, ರೆಕ್ಕೆಗಳುಳ್ಳ ಕಠಾರಿಯ ಮೇಲೆ ‘ಬಲಿದಾನ’ ಎಂದು ನಾಗರಿಯಲ್ಲಿ ಬರೆದಿರುವ ಬಿಲ್ಲೆ. (ಈ ಬಿಲ್ಲೆಯ ಅಂಟುಚೀಟಿಯನ್ನು ಮೋಟಾರು ಸೈಕಲ್ಲಿಗೆ ಹಚ್ಚಿಕೊಂಡು ತಿರುಗುವವರಿಗೆ ಆ ಶಬ್ದದ ಅರ್ಥವು ಎಷ್ಟರಮಟ್ಟಿಗೆ ತಿಳಿದಿದೆಯೋ ಹೇಳುವುದು ಕಷ್ಟ.)

ಆ ಪಡೆಗೆ ಯಾರನ್ನೂ ಬಲವಂತದಿಂದ ಸೇರಿಸುವುದಿಲ್ಲ. ಸೇರಬಯಸುವವನು ತಾನಾಗಿಯೇ ಮುಂದೆ ಬಂದು ಹೆಸರು ಕೊಡಬೇಕು. ನೇರವಾಗಿ ಭರ್ತಿಯಾದವರೂ ಉಂಟು, ಬೇರೆ ರೆಜಿಮೆಂಟುಗಳಲ್ಲಿ ಸೇವೆ ಸಲ್ಲಿಸುತ್ತಿದ್ದು ಬಂದವರೂ ಉಂಟು. ಬಂದವನನ್ನು ತಿಂಗಳುಗಟ್ಟಲೆ ಪರೀಕ್ಷಾವಧಿಯಲ್ಲಿ ಇರಿಸುತ್ತಾರೆ. ಬೆನ್ನ ಮೇಲೆ ಹೊರೆ, ಕೈಯಲ್ಲಿ ಶಸ್ತ್ರ, ರಾತ್ರಿಯೆಲ್ಲ ನಡಿಗೆ, ನಿದ್ರೆಗೆ ಅವಕಾಶವಿಲ್ಲ. ದಣಿದು ಕುಸಿಯುವ ಹೊತ್ತಿಗೆ ನಕ್ಷೆಯನ್ನು ಓದಿ ದಾರಿ ಹೇಳು ಎನ್ನುತ್ತಾರೆ, ಗಾಯಗೊಂಡವನೆಂದು ಭಾವಿಸಿ ಸಂಗಾತಿಯನ್ನು ಹೆಗಲ ಮೇಲೆ ಹೊತ್ತು ನಡೆ ಎನ್ನುತ್ತಾರೆ. ದೇಹಬಲವೊಂದನ್ನೇ ನಂಬಿ ಬಂದವನು ಮೊದಲು ಸೋಲುವುದು ಇಲ್ಲಿಯೇ. ಈ ಪರೀಕ್ಷೆಯು ಅಧಿಕಾರಿಗೂ ಜವಾನನಿಗೂ ಸಮಾನ; ಅಧಿಕಾರಿಯೆಂದು ಯಾರ ಹೊರೆಯನ್ನೂ ಹಗುರ ಮಾಡುವುದಿಲ್ಲ. ಆಗ್ರಾದ ಶಾಲೆಯಲ್ಲಿ ವಿಮಾನದಿಂದ ಐದು ಬಾರಿ ಧುಮುಕಿದ ಮೇಲೆ ಎದೆಗೆ ರೆಕ್ಕೆಯ ಗುರುತು ದೊರೆಯುತ್ತದೆ. ಆದರೆ ನಿಜವಾದ ಪರೀಕ್ಷೆಯಿರುವುದು ನೆಲದ ಮೇಲೆಯೇ ಎಂದು ಬಲ್ಲವರು ಹೇಳುತ್ತಾರೆ.

ಹೆಸರು ಕೊಟ್ಟವರಲ್ಲಿ ಬಹುಮಂದಿ ಉಳಿಯುವುದಿಲ್ಲ. ಕೆಲವರು ಕಾಲು ಉಳುಕಿಸಿಕೊಂಡು, ಕೆಲವರು ‘ಸಾಕು’ ಎಂದು ತಾವೇ ಹೇಳಿ, ಇನ್ನು ಕೆಲವರು ಯಾವ ಕೊರತೆಯೆಂದು ತಮಗೇ ಸ್ಪಷ್ಟವಾಗದೆ ಹಿಂದಿರುಗುತ್ತಾರೆ. ಸೈನ್ಯದ ಲೆಕ್ಕದಲ್ಲಿ ಇದು ಶಿಕ್ಷೆಯಲ್ಲ, ಅವಮಾನವೂ ಅಲ್ಲ. ಬೇರೆ ರೆಜಿಮೆಂಟಿನಿಂದ ಬಂದವನು ತನ್ನ ಮೊದಲಿನ ಪಡೆಗೆ ಹೋಗಿ ಮೊದಲಿನ ಕೆಲಸವನ್ನೇ ಮುಂದುವರಿಸುತ್ತಾನೆ. ಅವಮಾನವು ಹುಟ್ಟುವುದು ಊರಿನಲ್ಲಿ. ರಜೆಗೆ ಬಂದವನನ್ನು ಬಸ್ ನಿಲ್ದಾಣದಲ್ಲಿಯೇ ತಡೆದು, “ಏನಪ್ಪಾ, ಕಮಾಂಡೊ ಆಗ್ತೀನಿ ಅಂದಿದ್ದೆಲ್ಲ, ಏನಾತು?” ಎಂದು ಕೇಳುವವರಿಗೆ ಕೊರತೆಯಿಲ್ಲ. ಕೇಳುವವನಿಗೆ ಅದೊಂದು ಕುಶಲಪ್ರಶ್ನೆ. ಉತ್ತರಿಸಬೇಕಾದವನಿಗೆ ಹಾಗಲ್ಲ, ಆ ಪ್ರಶ್ನೆಗೆ ಅಂಜಿ ಊರಿನ ಜಾತ್ರೆಗೂ ಶಾಲೆಯ ಹಳೆಯ ವಿದ್ಯಾರ್ಥಿಗಳ ಕೂಟಕ್ಕೂ ಬಾರದೆ ಉಳಿಯುವವರು ಇದ್ದಾರೆ.

ಆಯ್ದ ಪಡೆಗಳ ಚರಿತ್ರೆಯನ್ನು ತಿಳಿದವರು ಹೀಗೆ ಕೇಳಲಾರರು. 1965ರ ಯುದ್ಧದಲ್ಲಿ ಮೇಜರ್ ಮೇಘಸಿಂಗರು ಕಾಶ್ಮೀರದಲ್ಲಿ ಶತ್ರುವಿನ ರೇಖೆಯಾಚೆ ನುಗ್ಗಿ ದಾಳಿ ಮಾಡಲು ಕಟ್ಟಿದ ‘ಮೇಘದೂತ’ ಪಡೆಯಲ್ಲಿದ್ದವರು ಸಾಮಾನ್ಯ ಬೆಟಾಲಿಯನ್ನುಗಳಿಂದ ಸ್ವಇಚ್ಛೆಯಿಂದ ಬಂದ ಜವಾನರು. ಅದರ ಅನುಭವದಿಂದಲೇ 1966ರಲ್ಲಿ ನಮ್ಮ ಮೊದಲ ಪ್ಯಾರಾ ಕಮಾಂಡೊ ಬೆಟಾಲಿಯನ್ನು ರೂಪುಗೊಂಡಿತು. ಮೂಲದಲ್ಲಿಯೇ ವಿಶೇಷವೆಂಬುದು ಸಾಮಾನ್ಯದಿಂದ ಹುಟ್ಟಿದ್ದು.

1971ರ ಡಿಸೆಂಬರ್ 11ರ ಪ್ರಸಂಗವಂತೂ ನಮ್ಮ ಭಾಗದವರು ವಿಶೇಷವಾಗಿ ನೆನೆಯಬೇಕಾದುದು. ಅಂದು ಪೂರ್ವ ಬಂಗಾಳದ ಟಾಂಗೈಲ್ ಬಳಿ ಎರಡನೆಯ ಪ್ಯಾರಾ ಬೆಟಾಲಿಯನ್ನು ಆಕಾಶದಿಂದ ಇಳಿಯಿತು. ಲೆಫ್ಟಿನೆಂಟ್ ಕರ್ನಲ್ ಕುಲವಂತಸಿಂಗ್ ಪನ್ನು ಅದರ ನಾಯಕರು. ಪೂಂಗ್ಲಿ ಎಂಬಲ್ಲಿಯ ಸೇತುವೆಯನ್ನು ಹಿಡಿದು, ಉತ್ತರದಿಂದ ಢಾಕಾದ ಕಡೆಗೆ ಹಿಮ್ಮೆಟ್ಟುತ್ತಿದ್ದ ಪಾಕಿಸ್ತಾನದ ಬ್ರಿಗೇಡಿನ ದಾರಿಯನ್ನು ಕಡಿಯುವುದು ಅವರಿಗೆ ಒಪ್ಪಿಸಿದ ಕಾರ್ಯ. ಈ ಬೆಟಾಲಿಯನ್ನು ಎಲ್ಲಿಯದು? ಬೆಳಗಾವಿಯಲ್ಲಿ ತರಬೇತಿ ಕೇಂದ್ರವುಳ್ಳ ಮರಾಠಾ ಲೈಟ್ ಇನ್‌ಫೆಂಟ್ರಿಯ ಮೂರನೆಯ ಬೆಟಾಲಿಯನ್ನೇ 1952ರಲ್ಲಿ ಪ್ಯಾರಾಷೂಟ್ ರೆಜಿಮೆಂಟಿನ ಎರಡನೆಯ ಬೆಟಾಲಿಯನ್ ಎನಿಸಿತ್ತು. ಆಕಾಶದಿಂದ ಇಳಿದವರು ಸೇತುವೆಯನ್ನು ಹಿಡಿದರು. ಹಿಡಿದುದನ್ನು ಉಳಿಸಿಕೊಳ್ಳಬೇಕಾದರೆ ನೆಲದ ಮೇಲಿನಿಂದ ಇನ್ನೊಂದು ಸೈನ್ಯವು ಬಂದು ಕೂಡಿಕೊಳ್ಳಲೇಬೇಕು; ವಿಮಾನದಿಂದ ಇಳಿದವನ ಬಳಿ ಇರುವ ಮದ್ದುಗುಂಡು ಅವನು ಹೊತ್ತು ತಂದಷ್ಟೇ. ಹಾಗೆ ಕಾದಾಡುತ್ತ ಬಂದು ಅವರನ್ನು ಕೂಡಿಕೊಂಡದ್ದು ಯಾವ ಪಡೆ? ಮರಾಠಾ ಲೈಟ್ ಇನ್‌ಫೆಂಟ್ರಿಯ ಒಂದನೆಯ ಬೆಟಾಲಿಯನ್ನು. ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರು, ಒಬ್ಬ ಆಕಾಶಮಾರ್ಗದಿಂದ, ಒಬ್ಬ ಕೆಸರುಗದ್ದೆಯ ದಾರಿಯಿಂದ, ಒಂದು ಸೇತುವೆಯ ಬಳಿ ಸಂಧಿಸಿದಂತಾಯಿತು. ಐದು ದಿನಗಳ ಬಳಿಕ ಢಾಕಾ ಶರಣಾಯಿತು. ಇಂದು ಎಲ್ಲರ ನೆನಪಿನಲ್ಲಿ ಉಳಿದಿರುವುದು ಬಿಳಿಯ ಕೊಡೆಗಳು ಆಕಾಶವನ್ನು ತುಂಬಿದ ಚಿತ್ರ. ಹೆಜ್ಜೆ ಹೆಜ್ಜೆಗೂ ಕಾದಾಡುತ್ತ ಬಂದವರ ಚಿತ್ರವನ್ನು ತೆಗೆದವರು ಕಡಿಮೆ.

ಇನ್ನೊಂದು ಲೆಕ್ಕವನ್ನೂ ನೋಡಬಹುದು. ಸ್ವತಂತ್ರ ಭಾರತವು ಇದುವರೆಗೆ 21 ಮಂದಿಗೆ ಪರಮವೀರ ಚಕ್ರವನ್ನು ನೀಡಿ ಗೌರವಿಸಿದೆ. ಅವರಲ್ಲಿ ಒಬ್ಬರೂ ಪ್ಯಾರಾಷೂಟ್ ರೆಜಿಮೆಂಟಿನವರಲ್ಲ. ಇದರಿಂದ ಆ ರೆಜಿಮೆಂಟಿನ ಶೌರ್ಯಕ್ಕೆ ಕಿಂಚಿತ್ತೂ ಕುಂದಿಲ್ಲ. ಅಶೋಕ ಚಕ್ರ, ಮಹಾವೀರ ಚಕ್ರಗಳನ್ನು ಪಡೆದವರು ಅಲ್ಲಿ ಅನೇಕರಿದ್ದಾರೆ. ಆದರೆ ದೇಶದ ಪರಮೋಚ್ಚ ಶೌರ್ಯವು ಯಾವ ಟೋಪಿಯ ಕೆಳಗೆ ಅಡಗಿದೆಯೆಂಬುದನ್ನು ಮುಂದಾಗಿ ಹೇಳಲು ಯಾರಿಗೂ ಸಾಧ್ಯವಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ. ಕಾರ್ಗಿಲಿನ ಕ್ಯಾಪ್ಟನ್ ವಿಕ್ರಮ್ ಬಾತ್ರಾ ಅವರು 1999ರ ಆರಂಭದಲ್ಲಿ ನಮ್ಮ ಬೆಳಗಾವಿಯಲ್ಲಿಯೇ ಕಮಾಂಡೊ ತರಬೇತಿ ಪಡೆದವರು. ತರಬೇತಿಯ ಬಳಿಕ ಅವರು ಹೋದದ್ದು ಜಮ್ಮು ಕಾಶ್ಮೀರ ರೈಫಲ್ಸಿನ ತಮ್ಮ 13ನೆಯ ಬೆಟಾಲಿಯನ್ನಿಗೇ. ಜುಲೈ 7ರಂದು ಪ್ರಾಣವನ್ನು ಅರ್ಪಿಸಿದ್ದೂ ಅದರ ಜವಾನರ ಮುಂದಾಳಾಗಿಯೇ. ಅದೇ ಬೆಟಾಲಿಯನ್ನಿನ ರೈಫಲ್‌ಮನ್ ಸಂಜಯಕುಮಾರರು ದೆಹಲಿಯಲ್ಲಿ ಟ್ಯಾಕ್ಸಿ ನಡೆಸುತ್ತಿದ್ದವರು. ಸೈನ್ಯದ ಭರ್ತಿಯಲ್ಲಿ ಮೂರು ಬಾರಿ ತಿರಸ್ಕೃತರಾಗಿ ನಾಲ್ಕನೆಯ ಬಾರಿಗೆ ಆಯ್ಕೆಯಾದರು. ಅದೇ ಯುದ್ಧದಲ್ಲಿ ಪರಮವೀರ ಚಕ್ರಕ್ಕೆ ಪಾತ್ರರಾದರು. ಮೂರನೆಯ ಬಾರಿ ಮರಳಿ ಬಂದಾಗ ಅವರ ಊರಿನವರು ಅವರನ್ನು ಹೇಗೆ ಕಂಡಿರಬಹುದು?

ದೂರದ ಉದಾಹರಣೆಗಳೇಕೆ? ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಹೆಸರನ್ನು ತಿಳಿಯದವರಿಲ್ಲ. ಅವರು ಕಮಾಂಡೊ ಅಲ್ಲ. ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿನ ಪದಾತಿ. 2002ರಲ್ಲಿ ಸೈನ್ಯ ಸೇರಿದ ಅವರ ಹದಿಮೂರು ವರ್ಷಗಳ ಸೇವೆಯಲ್ಲಿ ಹತ್ತು ವರ್ಷಗಳು ಕಠಿಣ ಸ್ಥಳಗಳಲ್ಲಿಯೇ ಕಳೆದವು. ಕಾಶ್ಮೀರದಲ್ಲಿ ಒಮ್ಮೆ ಸೇವೆ ಮುಗಿಸಿದ ಮೇಲೂ ರಾಷ್ಟ್ರೀಯ ರೈಫಲ್ಸಿಗೆ ತಾವೇ ಕೇಳಿ ಹೋದರು, ಬಳಿಕ ಈಶಾನ್ಯಕ್ಕೆ ಹೋದರು, ಕೊನೆಗೆ ಸಿಯಾಚಿನ್ನಿನಲ್ಲಿ 19,600 ಅಡಿ ಎತ್ತರದ ಠಾಣೆಯಲ್ಲಿದ್ದರು. 2016ರ ಫೆಬ್ರುವರಿ 3ರಂದು ಹಿಮವು ಕುಸಿದು ಹತ್ತು ಮಂದಿಯನ್ನು ಹೂತಿತು. ಅವರಲ್ಲಿ ಮೂವರು ಕರ್ನಾಟಕದವರು. ಆರು ದಿನಗಳ ಮೇಲೆ ಹನುಮಂತಪ್ಪನವರು ಜೀವಸಹಿತ ದೊರೆತರು, ಫೆಬ್ರುವರಿ 11ರಂದು ದೆಹಲಿಯ ಸೈನಿಕ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಇಡೀ ದೇಶವು ಅವರಿಗಾಗಿ ಪ್ರಾರ್ಥಿಸಿತು. ಆದರೆ ಅದಕ್ಕೆ ಹಿಂದಿನ ಹತ್ತು ವರ್ಷ, ಕಠಿಣವಾದುದನ್ನು ತಾವೇ ಕೇಳಿ ಪಡೆಯುತ್ತಿದ್ದ ಆ ಹತ್ತು ವರ್ಷ, ಅವರ ಎದೆಯ ಮೇಲೆ ಯಾವ ರೆಕ್ಕೆಯೂ ಕಠಾರಿಯೂ ಇರಲಿಲ್ಲ.

ಹಾಗಾದರೆ ತರುಣ ಸೈನಿಕನು ಆಯ್ದ ಪಡೆಯನ್ನು ಬಯಸುವುದೇ ತಪ್ಪೇ? ಎಂದಿಗೂ ಅಲ್ಲ. ಕಷ್ಟವಾದುದನ್ನು ಬಯಸುವುದು ಯೌವನದ ಲಕ್ಷಣ. ಅದನ್ನು ತಡೆಯುವ ಗುರುವು ಗುರುವಲ್ಲ. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರು ಬಿಹಾರ ರೆಜಿಮೆಂಟಿನಿಂದ ರಾಷ್ಟ್ರೀಯ ಭದ್ರತಾ ದಳಕ್ಕೆ ಹೋಗಿರದಿದ್ದರೆ 2008ರ ನವೆಂಬರಿನಲ್ಲಿ ಮುಂಬಯಿಯ ತಾಜ್ ಹೋಟೆಲಿನ ಮೆಟ್ಟಿಲುಗಳಲ್ಲಿ ಅವರು ಇರುತ್ತಿರಲಿಲ್ಲ. ಅಂಥವರು ಬೇಕು. ಆದರೆ ಬಯಕೆಯಲ್ಲಿ ಎರಡು ಬಗೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ ಹಿಂದಕ್ಕೆ ಕಳುಹಿದ ಕಥೆಯನ್ನು ಶ್ರೀಮಠದ ಶಾಲೆಗಳಲ್ಲಿ ಓದಿದ ಮಕ್ಕಳೆಲ್ಲರೂ ಬಲ್ಲರು. ಆ ತಾಯಿ ಕಾಯಕವನ್ನು ಬೇಡವೆನ್ನಲಿಲ್ಲ. ಕಾಯಕದ ಜೊತೆಗೆ ಬಂದ ಆಸೆಯನ್ನು ಬೇಡವೆಂದಳು. ಹೆಚ್ಚಿನ ಹೊರೆಯನ್ನು ಕೇಳುವುದು ಒಂದು, ಹೆಚ್ಚಿನ ಹೆಸರನ್ನು ಕೇಳುವುದು ಇನ್ನೊಂದು. ಪರೀಕ್ಷಾವಧಿಯಿಂದ ಮರಳಿದವನು ಹೆಚ್ಚಿನ ಹೊರೆಯನ್ನು ಕೇಳಿದ್ದನೆಂಬುದಂತೂ ನಿಜ. ಕೇಳದವರ ಸಂಖ್ಯೆಯೇ ಲೋಕದಲ್ಲಿ ದೊಡ್ಡದು. ಹಗ್ಗ ಹೊಸೆಯುವವರೂ ದೋಣಿ ನಡೆಸುವವರೂ ಬಟ್ಟೆ ಒಗೆಯುವವರೂ ಅನುಭವ ಮಂಟಪದಲ್ಲಿ ಸಮಾನರಾಗಿ ಕುಳಿತರೆಂದು ಪ್ರತಿವರ್ಷ ಬಸವ ಜಯಂತಿಯ ದಿನ ಭಾಷಣ ಮಾಡುವ ನಾವು, ಸಿಪಾಯಿಗಳನ್ನು ಮಾತ್ರ ಟೋಪಿಯ ಬಣ್ಣದಿಂದ ವಿಂಗಡಿಸುವುದು ಸಲ್ಲದು.

ಈ ಪ್ರಶ್ನೆಯು ಮುಂದಿನ ವರ್ಷಗಳಲ್ಲಿ ಇನ್ನಷ್ಟು ತೀವ್ರವಾಗಲಿದೆ. 2022ರಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯ ಪ್ರಕಾರ ಭರ್ತಿಯಾದ ಹುಡುಗನ ಸೇವಾವಧಿ ನಾಲ್ಕು ವರ್ಷ. ಅನಂತರ ಶೇಕಡಾ 25ರವರೆಗೆ ಮಾತ್ರ ಉಳಿಸಿಕೊಳ್ಳುವುದೆಂದು ಆಗ ಘೋಷಿಸಲಾಯಿತು. ಉಳಿದವರಿಗೆ ಗಂಟಿನ ಹಣವುಂಟು, ನಿವೃತ್ತಿ ವೇತನವಿಲ್ಲ. ಈ ಪದ್ಧತಿಯ ಗುಣದೋಷಗಳ ಚರ್ಚೆ ಬೇರೆ ಕಡೆ ನಡೆಯಲಿ. ಶಾಲೆಗಳಿಗೆ ಸಂಬಂಧಿಸಿದ ಮಾತೆಂದರೆ, ಹಿಂದೆ ಆಯ್ದ ಪಡೆಗೆ ಹೋಗಿ ಮರಳಿದವನಿಗೆ ಸೈನ್ಯದಲ್ಲಿಯೇ ಒಂದು ಮನೆಯಿತ್ತು. ಇನ್ನು ಮುಂದೆ ಇಪ್ಪತ್ತೆರಡು, ಇಪ್ಪತ್ತಮೂರನೆಯ ವಯಸ್ಸಿನಲ್ಲಿಯೇ ಸಾವಿರಾರು ಹುಡುಗರು ಊರಿಗೇ ಮರಳುತ್ತಾರೆ. ಆ ಹುಡುಗನು ಸಮವಸ್ತ್ರವನ್ನು ಕಳಚಿ ಬಂದಾಗ ಅವನನ್ನು ‘ಉಳಿಯದವ’ ಎಂದು ಕರೆಯುವೆವೋ, ‘ಸೇವೆ ಮಾಡಿ ಬಂದವ’ ಎಂದು ಕರೆಯುವೆವೋ? ಇದನ್ನು ದೆಹಲಿಯ ಯಾವ ಆದೇಶವೂ ನಿರ್ಧರಿಸಲಾರದು. ಅದು ನಿರ್ಧಾರವಾಗುವುದು ಊರಿನ ಕಟ್ಟೆಯ ಮೇಲೆ, ಶಾಲೆಯ ಅಂಗಳದಲ್ಲಿ.

ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಪ್ರಸಾದನಿಲಯದಲ್ಲಿದ್ದು ಭರ್ತಿಗೆ ಸಿದ್ಧನಾಗುವ ಹುಡುಗನಿಗೆ ಓಟದ ಜೊತೆಗೆ ಈಜು, ನಕ್ಷೆ ಓದುವುದು, ಲೆಕ್ಕ, ಹಿಂದಿ ಇವುಗಳನ್ನು ಕಲಿಸುವ ವ್ಯವಸ್ಥೆ ಬೇಕು. ಬಯಲುಸೀಮೆಯ ಹುಡುಗರಿಗೆ ಈಜು ಬಾರದಿರುವುದು ಸಣ್ಣ ಕೊರತೆಯಲ್ಲ. ಸೈನ್ಯದಿಂದ ಮರಳಿದವನು ಪದವಿಯನ್ನು ಪೂರ್ಣಗೊಳಿಸಬಯಸಿದರೆ ವಯಸ್ಸಿನ ಸಂಕೋಚವಿಲ್ಲದೆ ಮತ್ತೆ ತರಗತಿಗೆ ಬಂದು ಕೂರುವಂತಿರಬೇಕು. ದಾನಿಗಳು ಸ್ಥಾಪಿಸುವ ಪಾರಿತೋಷಕಗಳಲ್ಲಿ ಒಂದಾದರೂ ಇಂಥ ಮರಳಿದ ವಿದ್ಯಾರ್ಥಿಯ ಶುಲ್ಕಕ್ಕೆ ಮೀಸಲಾದರೆ ಗಾಜಿನ ಕಪಾಟಿನಲ್ಲಿ ಹೊಳೆಯುವ ಇನ್ನೊಂದು ಬೆಳ್ಳಿಯ ಬಟ್ಟಲಿಗಿಂತ ಅದು ಹೆಚ್ಚು ಉಪಯುಕ್ತ. ಇನ್ನು ಸಭಾಭವನದ ಗೋಡೆಯ ವಿಷಯ. ಅಲ್ಲಿ ಸೈನಿಕರ ಹೆಸರಿನ ಫಲಕವನ್ನು ಬರೆಯಿಸುವಾಗ ಹೆಸರು, ಊರು, ಸೈನ್ಯ ಸೇರಿದ ವರ್ಷ ಇಷ್ಟನ್ನೇ ಅಕಾರಾದಿಯಾಗಿ ಬರೆಯಿಸಬೇಕು. ರೆಜಿಮೆಂಟಿನ ಹೆಸರನ್ನು ಹಾಕಕೂಡದು.